ಕೈಗೆ ಕಡ್ಡಿ, ಕಿವಿಗೆ ಕಥೆ, ಕಣ್ಣಿಗೆ ಪುಟ

ರಜೆಗೆ ಇನ್ನೂ ಆರು ವಾರ ಇರುವಾಗಲೇ ಉಲ್ಲನ್ ಉಂಡೆಗಳು ಬುಟ್ಟಿಯಿಂದ ಹೊರಬಂದು ಕುರ್ಚಿ, ಮಂಚ, ಮೇಜುಗಳ ಮೇಲೆಲ್ಲ ಜಾಗ ಹಿಡಿಯತೊಡಗುತ್ತವೆ. ಅಪ್ಪನಿಗೆ ಟೋಪಿ, ಅಕ್ಕನಿಗೆ ಮಫ್ಲರ್, ಅವಳ ಕೂಸಿಗೆ ಕುಲಾವಿ, ಗೆಳತಿಗೆ ಒಂದು ಜೊತೆ ಕಾಲುಚೀಲ ಎಂದು ಉಡುಗೊರೆಗಳ ಪಟ್ಟಿ ಬೆಳೆಯುತ್ತದೆ. ಅದೇ ಹೊತ್ತಿಗೆ, ರಜೆಯಲ್ಲಿ ಓದಿದರಾಯಿತು ಎಂದು ವರ್ಷವಿಡೀ ಎತ್ತಿಟ್ಟ ಪುಸ್ತಕಗಳ ರಾಶಿಯೂ ತಲೆದಿಂಬಿನ ಪಕ್ಕದಲ್ಲಿ ಕಾದಿರುತ್ತದೆ. ಎರಡಕ್ಕೂ ಇರುವುದು ಅದೇ ಸಂಜೆ, ಅದೇ ದೀಪ, ಅದೇ ಎರಡು ಕೈ. ಹೆಣೆಯುತ್ತ ಕುಳಿತರೆ ಪುಸ್ತಕ ಕರೆಯುತ್ತದೆ. ಪುಸ್ತಕ ಹಿಡಿದರೆ ಅರ್ಧಕ್ಕೆ ನಿಂತ ಮಫ್ಲರ್ ಕಣ್ಣಿಗೆ ಬೀಳುತ್ತದೆ. ಹೆಣಿಗೆಯನ್ನೂ ಓದನ್ನೂ ಒಂದೇ ತೂಕದಲ್ಲಿ ಪ್ರೀತಿಸುವವರಿಗೆ ಈ ಎಳೆದಾಟ ಚೆನ್ನಾಗಿ ಗೊತ್ತಿರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ಆಡಿಯೋ ಪುಸ್ತಕ ಹಾಕಿಕೊಂಡು ಹೆಣೆಯಿರಿ, ಎರಡೂ ಆಗುತ್ತದೆ. ಹಲವು ವರ್ಷ ನಾನೂ ಹಾಗೆಯೇ ನಂಬಿ ನಡೆದೆ. ಈಗ ನನ್ನ ಅಭಿಪ್ರಾಯ ಬೇರೆಯಾಗಿದೆ. ಯಾವ ಹೆಣಿಗೆಗೆ ಯಾವ ಪುಸ್ತಕ ಎಂಬುದನ್ನು ಮೊದಲೇ ಯೋಚಿಸದೆ ಎರಡನ್ನೂ ಒಟ್ಟಿಗೆ ಕಟ್ಟಿದರೆ ಹೆಣಿಗೆಯೂ ಕೆಡುತ್ತದೆ, ಪುಸ್ತಕವೂ ತಲೆಗೆ ಹತ್ತುವುದಿಲ್ಲ. ಹೊಂದಿಸಿ ಕೂಡಿಸಿದರೆ ಅದಕ್ಕಿಂತ ತೃಪ್ತಿಯ ಸಂಜೆ ನನಗೆ ತಿಳಿದಿಲ್ಲ. ಆದರೆ ಎಷ್ಟೇ ಚೆನ್ನಾಗಿ ಕೂಡಿಸಿದರೂ ಕಣ್ಣಿನಿಂದ ಓದುವ ಹೊತ್ತನ್ನು ಬೇರೆಯಾಗಿಯೇ ಎತ್ತಿಡಬೇಕು ಎಂಬುದು ನನ್ನ ಗಟ್ಟಿಯಾದ ನಿಲುವು.

ಈ ನಿಲುವಿಗೆ ಬಂದದ್ದು ಒಂದು ಶಾಲಿನಿಂದ. ಎರಡು ವರ್ಷದ ಹಿಂದೆ ಚಿಕ್ಕಮ್ಮನಿಗೆಂದು ಲೇಸ್ ಶಾಲನ್ನು ಹೆಣೆಯುತ್ತಿದ್ದೆ. ಇಪ್ಪತ್ತನಾಲ್ಕು ಸಾಲಿಗೊಮ್ಮೆ ಮರುಕಳಿಸುವ ಎಲೆಯ ವಿನ್ಯಾಸ; ಎರಡು ಕುಣಿಕೆ ಕೂಡಿಸಿ ಹೆಣೆ, ನೂಲು ಸುತ್ತಿಕೋ, ಮೂರು ಹೆಣೆ, ಮತ್ತೆ ಸುತ್ತಿಕೋ ಎಂದು ಹೇಳಿಕೊಳ್ಳುತ್ತಲೇ ಮುಂದಕ್ಕೆ ಹೋಗಬೇಕು. ಕಿವಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಓಡುತ್ತಿತ್ತು. ಹದಿನೇಳನೆಯ ಸಾಲಿನಲ್ಲಿ ನಾನಿದ್ದಾಗ, ಮನೆಯ ಕೆಲಸದವನು ತನ್ನ ಹೇಳಿಕೆಯನ್ನು ಬದಲಿಸುವ ಘಟ್ಟ ಬಂತು. ಅವನು ಏನೆಂದನೆಂದು ಸರಿಯಾಗಿ ಕೇಳಿಸಲಿಲ್ಲವೆಂದು ಮೂವತ್ತು ಸೆಕೆಂಡು ಹಿಂದಕ್ಕೆ ಹೋದೆ. ಮತ್ತೆ ಕೇಳಿಸಲಿಲ್ಲ, ಏಕೆಂದರೆ ಆ ಮೂವತ್ತು ಸೆಕೆಂಡಿನಲ್ಲಿ ನಾನು ಎಣಿಸುತ್ತಿದ್ದೆ. ಹೀಗೆ ಆರು ಸಲ ಹಿಂದಕ್ಕೆ ಹೋಗಿ ಬಂದ ಮೇಲೆ ಸಾಲಿನ ತುದಿ ತಲುಪಿ ನೋಡಿದರೆ ಒಂದು ಕುಣಿಕೆ ಕಡಿಮೆಯಾಗಿತ್ತು. ಲೇಸ್ ಹೆಣಿಗೆಯನ್ನು ಬಿಚ್ಚುವುದು ಸಾದಾ ಹೆಣಿಗೆಯನ್ನು ಬಿಚ್ಚಿದಷ್ಟು ಸುಲಭವಲ್ಲ. ನೂಲು ಸುತ್ತಿದ ಕಡೆಗಳಲ್ಲಿ ಕುಣಿಕೆ ಜಾರಿ ಕೆಳಗಿನ ಸಾಲುಗಳವರೆಗೂ ಇಳಿದುಬಿಡುತ್ತದೆ. ಎಂಟು ಸಾಲು ಬಿಚ್ಚಿ, ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಎತ್ತಿಕೊಂಡೆ. ಕಾದಂಬರಿಯನ್ನು ನಿಲ್ಲಿಸಿದಾಗ ಕೋಣೆಯಲ್ಲಿ ಹರಡಿದ ಮೌನ ನನಗೆ ಈಗಲೂ ನೆನಪಿದೆ. ಆ ಮೌನದಲ್ಲಿ ಹದಿನೇಳನೆಯ ಸಾಲು ಒಂದೇ ಯತ್ನಕ್ಕೆ ಬಂತು.

ಅಂದು ಆದದ್ದೇನು ಎಂಬುದು ಆಮೇಲೆ ಅರ್ಥವಾಯಿತು. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮುಂದಿಟ್ಟ ಮಾದರಿಯೊಂದಿದೆ. ಅದರ ಪ್ರಕಾರ, ಈ ಕ್ಷಣಕ್ಕೆ ಬೇಕಾದುದನ್ನು ಮನಸ್ಸು ಹಿಡಿದಿಟ್ಟುಕೊಳ್ಳುವ ಜಾಗದಲ್ಲಿ ಮಾತಿಗೆ ಒಂದು ಕಟ್ಟೆ, ಕಾಣುವ ಆಕಾರಗಳಿಗೆ ಇನ್ನೊಂದು ಕಟ್ಟೆ ಇದೆ. ಮನಸ್ಸಿನಲ್ಲೇ 'ಒಂದು, ಎರಡು, ಮೂರು' ಎಂದು ಎಣಿಸುವಾಗ ನಾವು ಬಳಸುವುದು ಮಾತಿನ ಕಟ್ಟೆಯನ್ನು. ಕಥೆ ಕೇಳುವಾಗ ಕಿವಿಗೆ ಬಿದ್ದ ಪದಗಳೂ ಬಂದು ಕೂರುವುದು ಅಲ್ಲಿಯೇ. ಒಂದೇ ಬಾಗಿಲಿನಲ್ಲಿ ಇಬ್ಬರು ಒಟ್ಟಿಗೆ ನುಗ್ಗಿದಂತೆ ಎಣಿಕೆಯೂ ಕಥೆಯೂ ಅಲ್ಲಿ ತಿಕ್ಕಾಡುತ್ತವೆ. ಕೈ ಮಾಡುವ ಕೆಲಸಕ್ಕೂ ಕಥೆಗೂ ಜಗಳವಿಲ್ಲ; ಎಣಿಕೆಗೂ ಕಥೆಗೂ ಜಗಳವಿದೆ. ಈ ವ್ಯತ್ಯಾಸವನ್ನು ಮನಗಂಡ ದಿನದಿಂದ ನನ್ನ ರಜೆಯ ಹೆಣಿಗೆಯ ಕ್ರಮವೇ ಬದಲಾಯಿತು.

ಕಾಲುಚೀಲವನ್ನೇ ತೆಗೆದುಕೊಳ್ಳಿ. ಒಂದು ಕಾಲುಚೀಲದೊಳಗೇ ಕೇಳುವ ಜಾಗ ಯಾವುದು, ಸುಮ್ಮನಿರುವ ಜಾಗ ಯಾವುದು ಎಂಬುದು ಅಡಗಿರುತ್ತದೆ. ಅರವತ್ತನಾಲ್ಕು ಕುಣಿಕೆ ಹಾಕಿ, ತಿರುಚಿಕೊಳ್ಳದಂತೆ ನೋಡಿಕೊಂಡು ಸುತ್ತಾಗಿ ಜೋಡಿಸುವವರೆಗೆ ಕಿವಿ ಖಾಲಿಯಿರಬೇಕು. ಆಮೇಲೆ ಕಾಲಿನ ಭಾಗ ಅರವತ್ತು ಸುತ್ತು ಸಾದಾ ಹೆಣಿಗೆ. ನನ್ನ ಕೈ ನಿಮಿಷಕ್ಕೆ ಇಪ್ಪತ್ತು ಕುಣಿಕೆಯಂತೆ ಸಾಗುವುದರಿಂದ ಅದಕ್ಕೆ ಮೂರು ಗಂಟೆಗಿಂತ ತುಸು ಹೆಚ್ಚು ಬೇಕು. ಆ ಮೂರು ಗಂಟೆ ಪೂರ್ತಿ ಕಥೆಗೆ ಮೀಸಲು. ಹಿಮ್ಮಡಿ ಬಂತೆಂದರೆ ಧ್ವನಿಯನ್ನು ನಿಲ್ಲಿಸುತ್ತೇನೆ. ಅರ್ಧದಷ್ಟು, ಅಂದರೆ ಮೂವತ್ತೆರಡು ಕುಣಿಕೆಗಳ ಮೇಲೆ ಹಿಂದೆ ಮುಂದೆ ಹೆಣೆದು, ಸಾಲುಗಳನ್ನು ನಡುವಿನಲ್ಲೇ ತಿರುಗಿಸಿ ಬಟ್ಟಲಿನಂಥ ಆಕಾರ ತರುವ ಆ ಕೆಲಸಕ್ಕೆ ಮನಸ್ಸು ಪೂರ್ತಿಯಾಗಿ ಬೇಕು. ಮತ್ತು ಅದು ಮನಸ್ಸು ಕೊಡಲು ಯೋಗ್ಯವಾದ ಕೆಲಸ. ಚಪ್ಪಟೆಯಾಗಿದ್ದ ಹೆಣಿಗೆ ಕಣ್ಣೆದುರಿಗೇ ಪಾದದ ಕಡೆಗೆ ಬಾಗುವ ಕ್ಷಣವನ್ನು ನಾನು ಯಾವ ಕಥೆಗೂ ಬಿಟ್ಟುಕೊಡಲಾರೆ. ಪಾದದ ಉದ್ದಕ್ಕೆ ಮತ್ತೆ ಕಥೆ. ಬೆರಳುಗಳ ತುದಿಯಲ್ಲಿ ಸುತ್ತು ಬಿಟ್ಟು ಸುತ್ತು ಕುಣಿಕೆ ಇಳಿಸುವಾಗ, ಕೊನೆಗೆ ಸೂಜಿಯಲ್ಲಿ ಎರಡು ಬದಿಗಳನ್ನು ಕೂಡಿಸಿ ಮುಚ್ಚುವಾಗ ಮತ್ತೆ ಮೌನ.

ಮಫ್ಲರಿನ ಲೆಕ್ಕ ಇನ್ನೂ ಸರಳ. ನಲವತ್ತು ಕುಣಿಕೆ ಅಗಲ, ಒಂದೂವರೆ ಮೀಟರ್ ಉದ್ದಕ್ಕೆ ಸುಮಾರು 420 ಸಾಲು, ಒಟ್ಟು 16,800 ಕುಣಿಕೆ. ಮೇಲೆ ಹೇಳಿದ ವೇಗದಲ್ಲಿ ಅದು ಹದಿನಾಲ್ಕು ಗಂಟೆಯ ಕೆಲಸ. ಒಂದು ಮಧ್ಯಮ ಗಾತ್ರದ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಮುಗಿಸಲು ಸುಮಾರು ಹತ್ತು ಗಂಟೆ ಹಿಡಿಯುತ್ತದೆ. ಅಂದರೆ ಒಂದು ಮಫ್ಲರ್ ಎಂದರೆ ಒಂದು ಕಾದಂಬರಿ, ಜೊತೆಗೆ ಕೆಲವು ಸಣ್ಣ ಕಥೆಗಳು. ನೂಲನ್ನು ಆರಿಸುವ ಸಂಜೆಯೇ ನಾನು ಪುಸ್ತಕವನ್ನೂ ಆರಿಸಿ, ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ಬುಟ್ಟಿಗೆ ಹಾಕಿಡುತ್ತೇನೆ. ಕೈ ಹೆಣಿಗೆಯಲ್ಲಿ ನುರಿಯದವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ನಿಟ್ ಮತ್ತು ಪರ್ಲ್ ಎಂಬ ಎರಡು ಮೂಲ ಹೆಣಿಗೆಗಳೂ ನೋಡದೆ ಬರುವಷ್ಟು ಪಳಗುವವರೆಗೆ ಹಾಡು ಕೇಳಿಕೊಂಡು ಹೆಣೆಯುವುದು ಒಳ್ಳೆಯದು.

ಕೈ ದುಡಿಯುವಾಗ ಕಿವಿಗೆ ಪುಸ್ತಕ ಕೊಡುವುದು ಇಂದಿನ ಫೋನುಗಳಿಂದ ಹುಟ್ಟಿದ ಅಭ್ಯಾಸವೆಂದು ಭಾವಿಸಬೇಕಿಲ್ಲ. ಕ್ಯೂಬಾದ ಹವಾನಾದಲ್ಲಿ 1865ರಲ್ಲೇ ಸಿಗಾರ್ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಆರಂಭವಾಯಿತು. ನೂರಾರು ಜನ ಸಾಲಾಗಿ ಕುಳಿತು ಎಲೆ ಸುತ್ತುತ್ತಿದ್ದರೆ, ಎತ್ತರದ ಪೀಠದ ಮೇಲೆ ಕುಳಿತ ಓದುಗ ಪತ್ರಿಕೆಯನ್ನೂ ಕಾದಂಬರಿಯನ್ನೂ ಓದುತ್ತಿದ್ದ. ಅವನಿಗೆ ಹಣ ಸಲ್ಲುತ್ತಿದ್ದುದು ಆ ಕೆಲಸಗಾರರ ಕೂಲಿಯಿಂದಲೇ. ಯಾವ ಕಾದಂಬರಿ ಬೇಕೆಂಬುದನ್ನು ನಿರ್ಧರಿಸುತ್ತಿದ್ದವರೂ ಅವರೇ. ಮರುವರ್ಷವೇ ಸರ್ಕಾರ ಇದನ್ನು ನಿಷೇಧಿಸಿತೆಂಬುದು ಆ ಓದಿಗೆ ಎಷ್ಟು ಬಲವಿತ್ತು ಎಂಬುದನ್ನು ತೋರಿಸುತ್ತದೆ. ನಿಷೇಧ ಕಳೆದು ಪದ್ಧತಿ ಮತ್ತೆ ಬಂತು. ನನ್ನನ್ನು ಹಿಡಿದು ನಿಲ್ಲಿಸುವುದು ಇದರಲ್ಲಿನ ಒಂದು ಸಂಗತಿ: ಬೆರಳುಗಳಿಗೆ ಚೆನ್ನಾಗಿ ಗೊತ್ತಿದ್ದ, ಎಣಿಕೆ ಬೇಡದ ಕೆಲಸವನ್ನು ಮಾಡುತ್ತಿದ್ದವರು ಅವರು. ಆದ್ದರಿಂದಲೇ ಆ ಜೋಡಿ ಅಷ್ಟು ಕಾಲ ಬಾಳಿತು.

ಆಡಿಯೋ ಪುಸ್ತಕದ ಹುಟ್ಟನ್ನೂ ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ 1934ರಲ್ಲಿ, ಬ್ರಿಟನ್ನಿನಲ್ಲಿ 1935ರಲ್ಲಿ ದೃಷ್ಟಿಯಿಲ್ಲದವರಿಗಾಗಿ ಮಾತನಾಡುವ ಪುಸ್ತಕಗಳು ಬಂದವು. ಒಂದು ಕಾದಂಬರಿ ಎಂದರೆ ಆಗ ಗ್ರಾಮಫೋನ್ ತಟ್ಟೆಗಳ ಒಂದು ಕಟ್ಟು. ಒಂದು ಬದಿ ಮುಗಿದ ಕೂಡಲೇ ಎದ್ದು ತಟ್ಟೆಯನ್ನು ತಿರುಗಿಸಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಆ ತಟ್ಟೆಗಳೇ ಗ್ರಂಥಾಲಯವಾದವು. ಆದ್ದರಿಂದ ಕೇಳಿದ ಪುಸ್ತಕ ಓದಿದ ಪುಸ್ತಕವೇ ಅಲ್ಲ ಎಂದು ಯಾರಾದರೂ ಹಗುರವಾಗಿ ನುಡಿದರೆ ನನಗೆ ನೋವಾಗುತ್ತದೆ. ಕಥೆಯನ್ನು ಕಿವಿಯಿಂದ ಪಡೆದವರು ಅದನ್ನು ಪೂರ್ತಿಯಾಗಿಯೇ ಪಡೆದಿರುತ್ತಾರೆ. ಒಳ್ಳೆಯ ಓದುಗರು ಪಾತ್ರವೊಂದಕ್ಕೆ ಕೊಡುವ ದನಿ, ಒಂದು ವಾಕ್ಯದ ಮುಂದೆ ತಡೆದು ನಿಲ್ಲುವ ಉಸಿರು ಇವು ಅಚ್ಚಿನ ಪುಟದಲ್ಲಿ ನನಗೆ ಎಷ್ಟೋ ಸಲ ದಕ್ಕಿಲ್ಲ.

ಹಾಗಿದ್ದೂ ಕಣ್ಣಿನ ಓದಿಗೆ ಬೇರೆ ಹೊತ್ತು ಏಕೆ ಬೇಕು ಎಂದರೆ, ಕೇಳುವಾಗ ವೇಗ ಓದುವವರ ಕೈಯಲ್ಲಿರುತ್ತದೆ, ಓದುವಾಗ ನಮ್ಮ ಕೈಯಲ್ಲಿರುತ್ತದೆ. ಕಷ್ಟದ ವಾಕ್ಯ ಬಂದಾಗ ಕಣ್ಣು ತಾನಾಗಿ ಹಿಂದಿರುಗಿ ಅದನ್ನು ಇನ್ನೊಮ್ಮೆ ನೋಡುತ್ತದೆ, ಇಷ್ಟವಾದ ಸಾಲಿನ ಮೇಲೆ ನಿಂತುಬಿಡುತ್ತದೆ. ಕವಿತೆ, ವಿಚಾರದ ಬರಹ, ಇಸವಿ ಮತ್ತು ಹೆಸರುಗಳು ದಟ್ಟವಾಗಿರುವ ಇತಿಹಾಸ ಇವುಗಳನ್ನು ಕೈಯಲ್ಲಿ ಕಡ್ಡಿ ಹಿಡಿದು ಕೇಳಿದಾಗಲೆಲ್ಲ ನನಗೆ ಪುಸ್ತಕದ ಬೆನ್ನು ಸವರಿದಷ್ಟೇ ಅನುಭವವಾಗಿದೆ. ರಜೆಯಲ್ಲಿ ಪಟ್ಟಿ ಮುಗಿಸುವ ಆತುರಕ್ಕೆ ಧ್ವನಿಯನ್ನು ಒಂದೂವರೆ ಪಟ್ಟು ವೇಗಕ್ಕೆ ಏರಿಸುವವರಿದ್ದಾರೆ. ಅದು ಅವರವರ ಇಷ್ಟವಾದರೂ, ಕಥೆಯ ಉಸಿರನ್ನು ಹಾಗೆ ಹಿಂಡುವುದು ನನಗೆ ಸರಿ ಕಾಣುವುದಿಲ್ಲ. ಒಂದು ಪುಸ್ತಕ ಕಡಿಮೆಯಾದರೂ ಪರವಾಗಿಲ್ಲ, ಕೇಳಿದ್ದು ಅದರ ನಡಿಗೆಯಲ್ಲೇ ಕೇಳಲಿ.

ಪುಸ್ತಕವನ್ನು ಎದುರಿಗೆ ಒರಗಿಸಿಟ್ಟು, ಕಣ್ಣಿನಿಂದ ಓದುತ್ತಲೇ ಹೆಣೆಯುವ ನಿಪುಣರೂ ಇದ್ದಾರೆ. ತೆರೆದ ಪುಟದ ಮೇಲೆ ಭಾರದ ಪಟ್ಟಿಯಿಟ್ಟು, ಸುತ್ತಿನ ಕಡ್ಡಿಯಲ್ಲಿ ಸಾದಾ ಹೆಣಿಗೆ ಹಾಕಿಕೊಂಡು ಪ್ರಯತ್ನಿಸಿ ನೋಡಿದ್ದೇನೆ. ಆಗುತ್ತದೆ. ಆದರೆ ಸದಾ ಕೆಳಗೆ ಬಾಗಿದ ಕತ್ತು ಒಂದು ಗಂಟೆಯೊಳಗೆ ನೋಯುತ್ತದೆ, ಮತ್ತು ಪುಟ ತಿರುವಲು ಕೈ ಬಿಟ್ಟಾಗಲೆಲ್ಲ ನೂಲಿನ ಬಿಗಿ ಬದಲಾಗಿ ಹೆಣಿಗೆಯಲ್ಲಿ ಆ ಜಾಗ ಗುರುತು ಸಿಗುತ್ತದೆ.

ಕೈಗೂ ವಿಶ್ರಾಂತಿ ಬೇಕೆಂಬುದನ್ನು ಉಡುಗೊರೆಯ ಗಡುವು ಮರೆಸುತ್ತದೆ. ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡಿದರೆ ಮಣಿಕಟ್ಟು, ಹೆಬ್ಬೆರಳಿನ ಬುಡ, ಭುಜ ಎಲ್ಲವೂ ಹಿಡಿದುಕೊಳ್ಳುತ್ತವೆ. ನನ್ನ ಪಾಲಿಗೆ ಆ ವಿಶ್ರಾಂತಿಯೇ ಪುಸ್ತಕ. ನಲವತ್ತು ನಿಮಿಷ ಹೆಣೆದ ಮೇಲೆ ಕಡ್ಡಿಗಳನ್ನು ಕೆಳಗಿಟ್ಟು, ಬೆರಳುಗಳನ್ನು ಬಿಡಿಸಿ ಮಡಿಸಿ, ಇಪ್ಪತ್ತು ಪುಟ ಓದುತ್ತೇನೆ. ಬೆಳಗಿನ ಮೊದಲ ಅರ್ಧ ಗಂಟೆ ಮಾತ್ರ ಯಾವ ಕಾರಣಕ್ಕೂ ಉಲ್ಲನ್ ಮುಟ್ಟದೆ ಓದಿಗೇ ಕೊಡುತ್ತೇನೆ. ಅದನ್ನು ಸಂಜೆಗೆ ಮುಂದೂಡಿದ ದಿನಗಳಲ್ಲಿ ಅದು ನಡೆದೇ ಇಲ್ಲ.

ಇಷ್ಟೆಲ್ಲ ಆದ ಮೇಲೂ ದಿನಕ್ಕೆ ಗಂಟೆಗಳು ಹೆಚ್ಚುವುದಿಲ್ಲವಾದ್ದರಿಂದ ಪಟ್ಟಿಯನ್ನೇ ಕಿರಿದು ಮಾಡಬೇಕಾಯಿತು. ಹಿಂದೆ ಒಂಬತ್ತು ಉಡುಗೊರೆ ಹೆಣೆಯುತ್ತಿದ್ದೆ, ಈಗ ನಾಲ್ಕು. ತೊಳೆದು, ಹದವಾಗಿ ಎಳೆದು, ಹಾಸಿ ಒಣಗಿಸಲು ಒಂದೆರಡು ದಿನ ಬೇಕೆಂಬುದನ್ನು ಸೇರಿಸಿ ನೋಡಿದರೆ ನಾಲ್ಕೇ ಸರಿಯಾದ ಸಂಖ್ಯೆ. ಉಳಿದ ಐವರಿಗೆ ಪುಸ್ತಕಗಳನ್ನು ಕೊಡುತ್ತೇನೆ. ಅವು ನಾನು ಓದಿದವು ಅಥವಾ ಹೆಣೆಯುತ್ತ ಕೇಳಿದವು, ಆದ್ದರಿಂದ ಯಾರಿಗೆ ಯಾವುದು ಒಪ್ಪುತ್ತದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ.

ಹೋದ ವರ್ಷ ಅಪ್ಪನಿಗೆ ಕಂದು ಬಣ್ಣದ ಟೋಪಿ ಹೆಣೆಯುವಾಗ ಸಮುದ್ರಯಾನದ ಒಂದು ಕಥನ ಕೇಳುತ್ತಿದ್ದೆ. ಅಂಚಿನ ಬಿಗಿಪಟ್ಟಿ ಮುಗಿಯುವ ಕಡೆ ಹಡಗು ಬಂದರು ಬಿಟ್ಟಿತು, ಹಣೆಯ ಮೇಲಿನ ಸುತ್ತುಗಳಲ್ಲಿ ಬಿರುಗಾಳಿ ಎದ್ದಿತು. ಬಿರುಗಾಳಿಯ ಹೊತ್ತಿನಲ್ಲಿ ನೂಲನ್ನು ನಾನು ತುಸು ಬಿಗಿಯಾಗಿ ಎಳೆದಿರಬೇಕು. ಆ ಐದಾರು ಸುತ್ತುಗಳು ಇತರ ಸುತ್ತುಗಳಿಗಿಂತ ಒತ್ತಾಗಿ ಕೂತಿವೆ. ಬಿಚ್ಚಿ ಸರಿಪಡಿಸಬಹುದಿತ್ತು, ಆದರೆ ಹಾಗೆಯೇ ಬಿಟ್ಟೆ. ಅಪ್ಪ ಆ ಟೋಪಿಯನ್ನು ಹಾಕಿಕೊಂಡು ಎದುರಿಗೆ ಕುಳಿತಾಗಲೆಲ್ಲ ನನ್ನ ಕಣ್ಣು ಆ ಒತ್ತಾದ ಸಾಲುಗಳಿಗೇ ಹೋಗುತ್ತದೆ. ಒಮ್ಮೆ ಅವರು, "ಏನು ನೋಡ್ತಿದ್ದೀಯ?" ಎಂದು ಕೇಳಿದರು. ಹಡಗಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಈ ಸಲದ ರಜೆಗೆ ಅವರಿಗೆಂದು ಎತ್ತಿಟ್ಟಿರುವುದು ಆ ಪುಸ್ತಕದ ಅಚ್ಚಿನ ಪ್ರತಿ, ದೊಡ್ಡ ಅಕ್ಷರದ್ದು.