ಕರೆಂಟ್ ತೆಗೆದ ನೀರು

ನಿನ್ನೆ ಲಕ್ಕವಳ್ಳಿಗೆ ಹೋಗಿ ಭದ್ರಾ ಡ್ಯಾಮ್ ನೋಡಿಕೊಂಡು ಬಂದ್ವಿ. ತುಂಬಿ ನಿಂತ ನೀರು ಕಂಡು ಖುಷಿಯಾಗಬೇಕಿತ್ತು. ಡ್ಯಾಮ್ ತುಂಬಿದರೆ 186 ಅಡಿ ಅನ್ನೋ ಲೆಕ್ಕ ನಮ್ಮ ದಾವಣಗೆರೆ ಕಡೆ ಸಣ್ಣ ಹುಡುಗರಿಗೂ ಬಾಯಿಪಾಠ. ಆದರೆ ಜೊತೆಗೆ ಬಂದಿದ್ದ ಬೀಗರು ಪವರ್‌ಹೌಸ್ ಕಡೆ ಕೈ ತೋರಿಸಿ ಅಂದ ಮಾತಿಗೆ ಇನ್ನೂ ಮೈ ಉರೀತಿದೆ. "ಇಲ್ಲೇ ನೋಡ್ರಿ ಬೀಗ್ರೇ, ನೀರಾಗಿನ ಕರೆಂಟ್ ಎಲ್ಲಾ ತಕ್ಕಂಬಿಡ್ತಾರೆ. ನಮ್ಮ ಗದ್ದೆಗೆ ಬರೋದು ಬೆಣ್ಣೆ ತೆಗೆದ ಮಜ್ಜಿಗೆ. ಸತ್ವನೇ ಇರಲ್ಲ."

ಪಕ್ಕದಲ್ಲಿದ್ದವರೂ ಹೌದ್ಹೌದು ಅಂತ ತಲೆ ಆಡಿಸಿದರು. ಅದರಲ್ಲಿ ಒಬ್ಬ ಎಂಜಿನಿಯರಿಂಗ್ ಕಾಲೇಜಿನ ಟೀ ಶರ್ಟ್ ಹಾಕಿದ್ದ! ಬೀಗರಲ್ವಾ, ನಾನು ಬಾಯಿ ಮುಚ್ಚಿಕೊಂಡೆ. (ಅವರು ಫೇಸ್‌ಬುಕ್‌ನಲ್ಲಿ ಇಲ್ಲ. ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡ್ರಪ್ಪ, ಮಗಳ ಸಂಸಾರ.)

ಮೋಟಾರ್ ವೈಂಡಿಂಗ್ ಮಾಡಿಯೇ ಹೊಟ್ಟೆ ಹೊರೆದವನು ನಾನು, ನಿಮಗೇ ಗೊತ್ತು. ಹಂಗಾಗಿ ಅಲ್ಲಿ ನುಂಗಿದ್ದನ್ನ ಇಲ್ಲಿ ಕಕ್ಕಿಬಿಡ್ತೀನಿ. ನೀರಿನೊಳಗೆ ಕರೆಂಟ್ ಇರಲ್ಲ. ಇರೋದು ಎತ್ತರ. ಮೇಲಿನ ನೀರು ದಪ್ಪ ಪೈಪಿನಲ್ಲಿ ಇಳಿದು ಟರ್ಬೈನಿನ ರೆಕ್ಕೆಗಳನ್ನ ದಬ್ಬುತ್ತೆ. ಟರ್ಬೈನಿನ ಶಾಫ್ಟಿಗೆ ಜನರೇಟರಿನ ರೋಟರ್, ಅಂದ್ರೆ ತಿರುಗೋ ಅಯಸ್ಕಾಂತ, ಕೂತಿರುತ್ತೆ. ಅದು ತಿರುಗಿದರೆ ಸುತ್ತಲಿನ ತಾಮ್ರದ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತೆ. ನಮ್ಮ ಅಂಗಡಿಯ ಮೋಟಾರ್ ಕರೆಂಟ್ ತಿಂದು ತಿರುಗುತ್ತೆ, ಅಲ್ಲಿ ತಿರುಗಿಸಿದರೆ ಕರೆಂಟ್ ಕೊಡುತ್ತೆ, ಅಷ್ಟೇ. ಸೆಕೆಂಡಿಗೆ 1,000 ಲೀಟರ್ ನೀರು 50 ಮೀಟರ್ ಇಳಿದರೆ ಲೆಕ್ಕದ ಪ್ರಕಾರ ಸುಮಾರು 490 ಕಿಲೋವ್ಯಾಟ್. ಯಂತ್ರದ ನಷ್ಟ ಕಳೆದರೂ 400ರ ಮೇಲೆ ಸಿಗುತ್ತೆ. ಮೇಲಿಂದ ಒಳಗೆ ಹೋದ 1,000 ಲೀಟರ್ ಕೆಳಗೆ 1,000 ಲೀಟರ್ ಆಗಿಯೇ ಹೊರಗೆ ಬರುತ್ತೆ. ಅದರಲ್ಲಿ ಕರಗಿದ ಉಪ್ಪು, ಲವಣ ಎಲ್ಲಾ ಹಂಗೇ. ಟರ್ಬೈನ್ ಇಲ್ಲದಿದ್ದರೆ ಅದೇ ಶಕ್ತಿ ಭೋರ್ಗರೆದು, ನೊರೆಯೆದ್ದು, ಕೊನೆಗೆ ನೀರನ್ನ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಬಿಸಿ ಮಾಡಿ ಮುಗಿದುಹೋಗ್ತಿತ್ತು. ಆ ಬಿಸಿಯಿಂದ ಭತ್ತ ಹೆಚ್ಚು ತೆನೆ ಬಿಡುತ್ತಾ?

ಮಜ್ಜಿಗೆ ಸಿದ್ಧಾಂತ ನಿಜವೇ ಆದರೆ, ಕರೆಂಟ್ ಕೊಟ್ಟು ಬೋರ್‌ನಿಂದ ಎತ್ತಿದ ನೀರಿಗೆ ಸತ್ವ ಡಬಲ್ ಆಗಬೇಕಲ್ಲ? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.90 ಟಿಎಂಸಿ ನೀರನ್ನ ಪಂಪಿನಲ್ಲಿ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ಚಿತ್ರದುರ್ಗದ ಕಡೆ ಕಳಿಸೋ ಲೆಕ್ಕ. ಚಿತ್ರದುರ್ಗದವರೇ, ನಿಮ್ಮ ಶೇಂಗಾ ಗಿಡ ಇನ್ನು ತೆಂಗಿನ ಮರದಷ್ಟು ಬೆಳೆಯೋದು ಗ್ಯಾರಂಟಿ.

"ಹಿಂದೆ ಹೊಳೆ ನೀರಿನ ಜೊತೆ ಗೋಡು ಬರ್ತಿತ್ತು, ಈಗ ಬರಲ್ಲ, ಅದೇ ಸತ್ವ" ಅನ್ನೋರೂ ಇದಾರೆ. ಗೋಡು ಬರ್ತಿದ್ದದ್ದು ನಿಜ. ಆದರೆ ಅದನ್ನ ತಡೆಯೋದು ಕಟ್ಟೆ, ಟರ್ಬೈನ್ ಅಲ್ಲ. ನೀರು ಎಲ್ಲಿ ನಿಂತರೂ ಹೂಳು ತಳಕ್ಕೆ ಕೂರುತ್ತೆ. ನಮ್ಮ ಸೂಳೆಕೆರೆಯಲ್ಲಿ ಶತಮಾನಗಳಿಂದ ಹೂಳು ತುಂಬ್ತಾ ಬಂತು, ಅಲ್ಲಿ ಯಾವ ಟರ್ಬೈನ್ ತಿರುಗಿತ್ತು?

ಇಷ್ಟು ಸಿಟ್ಟು ಯಾಕೆ ಅಂತೀರಾ? ನಮ್ಮಪ್ಪನೂ ಇದನ್ನೇ ನಂಬಿ ಸತ್ತರು. ಬಲದಂಡೆ ನಾಲೆಯ ಕೊನೇ ಭಾಗದಲ್ಲಿ ನಮ್ಮ ಹೊಲ. ಬೇಸಿಗೆ ಬೆಳೆಗೆ ನೀರು ಬಿಟ್ಟರು ಅಂತ ಪೇಪರಲ್ಲಿ ಬರೋದು, ನಮ್ಮ ತೂಬಿಗೆ ಬರ್ತಿರಲಿಲ್ಲ. ಬಂದರೂ ಮೊಣಕಾಲು ಮುಳುಗ್ತಿರಲಿಲ್ಲ. ಆ ಮನುಷ್ಯ ಏರಿ ಮೇಲೆ ಕೂತು ಬೈತಿದ್ದದ್ದು ಪವರ್‌ಹೌಸನ್ನ! ನಾಲೆಗೆ ಹೇಗೂ ಬಿಡಬೇಕಾದ ನೀರನ್ನೇ ಟರ್ಬೈನ್ ಮೂಲಕ ಹಾಯಿಸಿ ಬಿಡೋದು, ಅದರಿಂದ ಒಂದು ಕೊಡ ನೀರೂ ಕಮ್ಮಿ ಆಗಲ್ಲ ಅಂತ ನಾನು ಹೇಳಿದರೆ, "ನೀನು ಕರೆಂಟಿನವನು, ಅವರ ಪರ" ಅಂತಿದ್ದರು. ನೀರು ಕದ್ದವರು ಮೇಲ್ಭಾಗದಲ್ಲಿ ರಾತ್ರಿ ನಾಲೆಗೆ ಪಂಪ್ ಇಳಿಸಿ ತೋಟ ಹಸಿರು ಮಾಡಿಕೊಂಡರು. ಬೈಗುಳ ಮಾತ್ರ ಟರ್ಬೈನಿಗೆ. ಸತ್ವದ ಕಥೆ ಆ ಪಂಪಿನವರಿಗೆ ಎಷ್ಟು ಅನುಕೂಲ ನೋಡಿ.

ಆದ್ದರಿಂದ ಮುಂದಿನ ಸಲ ನೀರು ಬಿಟ್ಟಾಗ ಲಕ್ಕವಳ್ಳಿ ಕಡೆ ಬೆರಳು ತೋರಿಸೋ ಮೊದಲು ನಾಲೆ ಏರಿ ಮೇಲೆ ನಡೆದು ಬನ್ನಿ, ಎಷ್ಟು ಪೈಪು ಇಳಿಬಿಟ್ಟಿದಾರೆ ಅಂತ ಎಣಿಸಿ. ಯಾವ ಮೋಟಾರ್ ಯಾರದು ಅಂತ ಗೊತ್ತಾಗದಿದ್ದರೆ ನನ್ನ ಕರೀರಿ. ಅರ್ಧಕ್ಕರ್ಧ ನಾನೇ ವೈಂಡಿಂಗ್ ಮಾಡಿಕೊಟ್ಟಿದ್ದು.