ಗೊಂಬೆಗಳನ್ನು ಬೀಳ್ಕೊಡುವ ಬಗೆ

2024ರ ಸೆಪ್ಟೆಂಬರ್ 25ರಂದು, ಟೋಕಿಯೊದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ನನ್ನನ್ನೂ ಅಲ್ಲಿನ ಉಎನೊ ಉದ್ಯಾನದಲ್ಲಿರುವ, ಕರುಣೆಯ ಬೋಧಿಸತ್ವ ಕನ್ನೋನ್‌ನ ದೇವಾಲಯಕ್ಕೆ, ಹಳೆಯ ಗೊಂಬೆಗಳನ್ನು ಬೀಳ್ಕೊಡುವ ಪೂಜೆಗೆ ಕರೆದೊಯ್ದರು. ಅವರ ಮಡಿಲಲ್ಲಿ ಬಟ್ಟೆ ಸುತ್ತಿದ ರಾಜ-ರಾಣಿಯರ ಗೊಂಬೆಗಳಿದ್ದವು. ಅಜ್ಜಿ ಹುಟ್ಟಿದ ವರ್ಷ ಮನೆಗೆ ಬಂದ ಜೋಡಿ. ಮಾರ್ಚ್ 3ರಂದು ಹೆಣ್ಣುಮಕ್ಕಳಿಗಾಗಿ ನಡೆಯುವ ಹಿನಾ ಎಂಬ ಗೊಂಬೆ ಹಬ್ಬದಲ್ಲಿ ಕೆಂಪು ಬಟ್ಟೆ ಹಾಸಿದ ಏಳು ಮೆಟ್ಟಿಲುಗಳ ಮೇಲೆ ಹದಿನೈದು ಗೊಂಬೆಗಳನ್ನು ಕೂರಿಸುತ್ತಾರೆ, ರಾಜ-ರಾಣಿ ಎಲ್ಲಕ್ಕಿಂತ ಮೇಲೆ. ಮೊದಲ ಸಲ ಅದನ್ನು ಕಂಡಾಗ ಮೈಸೂರಿನ ಅಗ್ರಹಾರದ ನಮ್ಮ ಪಡಸಾಲೆಯೇ ಎದುರಿಗೆ ಬಂದು ನಿಂತಂತಾಗಿತ್ತು. ಆ ದಿನ ಭಿಕ್ಷುಗಳು ಮಂತ್ರ ಪಠಿಸಿದರು. ಅಜ್ಜಿ ಕೈಮುಗಿದು, ಇಷ್ಟು ವರ್ಷ ಜೊತೆಗಿದ್ದುದಕ್ಕೆ ಗೊಂಬೆಗಳಿಗೆ ವಂದನೆ ಹೇಳಿ, ಅವನ್ನು ಒಪ್ಪಿಸಿ ಹಗುರಾಗಿ ಹೊರಟರು.

ಮುಂದಿನ ವಾರವೇ ನವರಾತ್ರಿಗೆಂದು ಊರಿಗೆ ಬಂದೆ. ಗೊಂಬೆ ಇಳಿಸಲು ಅಟ್ಟ ಹತ್ತಿದರೆ ಟ್ರಂಕು ಕೈಗೆ ಸಿಗುವುದಕ್ಕೇ ಒಂದು ಗಂಟೆ ಹಿಡಿಯಿತು. ಹಿಡಿಯಿಲ್ಲದ ಕೊಡೆಗಳು, ಮುಚ್ಚಳ ಕಳೆದುಕೊಂಡ ಡಬ್ಬಗಳು, ಸೋರುವ ತಾಮ್ರದ ಹಂಡೆ, ಅಪ್ಪನ ಕೆಟ್ಟ ರೇಡಿಯೊ. "ಇವನ್ನೆಲ್ಲ ಕೊಟ್ಟುಬಿಡೋಣವೇ ಅಮ್ಮಾ?" ಎಂದೆ. "ಇರಲಿ ಬಿಡು, ಅವೇನು ನಿನ್ನನ್ನು ಅನ್ನ ಕೇಳುತ್ತವೆಯೇ?" ಎಂದರು.

ನನಗೆ ಸಿಟ್ಟು ಬಂತು, ಈಗಲೂ ಇದೆ. ಜಪಾನಿನಲ್ಲಿ ಫೆಬ್ರವರಿ 8ರಂದು ಮುರಿದ ಸೂಜಿಗಳನ್ನು ತೋಫು ಎಂಬ ಮೆತ್ತನೆಯ ಸೋಯಾ ಪನೀರಿನಲ್ಲಿ ಚುಚ್ಚಿ ಬೀಳ್ಕೊಡುತ್ತಾರೆ. ಗಟ್ಟಿ ಬಟ್ಟೆಯಲ್ಲಿ ಓಡಾಡಿ ದಣಿದ ಸೂಜಿಗೆ ಕೊನೆಗೊಂದು ಮೆತ್ತನೆಯ ಹಾಸಿಗೆ! ನಾವೂ ಆಯುಧಪೂಜೆಯಲ್ಲಿ ಸೈಕಲ್ಲಿಗೆ, ಈಳಿಗೆಮಣೆಗೆ ಕುಂಕುಮವಿಡುತ್ತೇವೆ. ಆದರೆ ಅದು ದುಡಿಯುತ್ತಿರುವ ವಸ್ತುವಿಗೆ ಸಲ್ಲುವ ಪೂಜೆ. ದುಡಿದು ಸೋತದ್ದಕ್ಕೆ ಅಟ್ಟ, ಇಲ್ಲವೇ ಗುಜರಿ. ದೇವರ ಪಟದ ಗಾಜು ಒಡೆದರೆ ಮನೆಯಲ್ಲಿ ಇಡಬಾರದು, ಎಸೆಯಲೂಬಾರದು. ಹಾಗಾಗಿ ಕತ್ತಲಾದ ಮೇಲೆ ಅರಳಿಕಟ್ಟೆಗೆ ಒರಗಿಸಿ, ತಿರುಗಿಯೂ ನೋಡದೆ ಬರುತ್ತೇವೆ. ದಿನವೂ ದೀಪ ಹಚ್ಚಿದ್ದ ಪಟವದು. ಮಳೆಯಲ್ಲಿ ನೆನೆದು ಬಣ್ಣ ಬಿಟ್ಟ ಆ ಲಕ್ಷ್ಮಿ, ಸರಸ್ವತಿಯರನ್ನು ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಇಟ್ಟುಕೊಳ್ಳುವುದನ್ನು ಕಲಿಸಿದ ನಮ್ಮ ಹಿರಿಯರು ಬಿಟ್ಟುಕೊಡುವುದನ್ನೂ ಕಲಿಸಬೇಕಿತ್ತು.

ಟ್ರಂಕಿನಲ್ಲಿ ಕೈ ಮುರಿದ ಒಂದು ಮಣ್ಣಿನ ಗೊಂಬೆಯೂ ಇತ್ತು. ಅದನ್ನಾದರೂ ಬಿಡಿ ಎಂದರೆ ಅಮ್ಮ ಅದರ ಹೆಗಲಿಗೆ ರೇಷ್ಮೆಯ ಚೂರು ಹೊದಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದರು. ಸಂಜೆ ಗೊಂಬೆ ಬಾಗಿನಕ್ಕೆ ಬಂದ ಹುಡುಗಿಯೊಬ್ಬಳು ಚಕ್ಕುಲಿ ಹಿಡಿದುಕೊಂಡೇ, "ಇದಕ್ಕೇಕೆ ಶಾಲು?" ಎಂದು ಕೇಳಿದಳು. ಅತ್ತೆ ತವರಿನಿಂದ ತಂದ ಗೊಂಬೆ ಎಂದು ಶುರುವಾದ ಅಮ್ಮನ ಕಥೆ ಆರತಿಯ ಹೊತ್ತಾದರೂ ಮುಗಿಯಲಿಲ್ಲ.

ಉಎನೊದ ಒಂದು ಸಂಗತಿಯನ್ನು ನಾನು ಹೇಳಿಲ್ಲ. ಅಜ್ಜಿಯ ಇಬ್ಬರು ಹೆಣ್ಣುಮಕ್ಕಳೂ ತಮ್ಮ ಮನೆಯಲ್ಲಿ ಜಾಗವಿಲ್ಲವೆಂದು ಗೊಂಬೆಗಳನ್ನು ಒಲ್ಲೆ ಎಂದಿದ್ದರು. ಆ ಗೊಂಬೆಗಳ ಕಥೆ ಕೇಳುವವರು ಇನ್ನು ಯಾರೂ ಇರಲಿಲ್ಲ.

ವಿಜಯದಶಮಿಯ ರಾತ್ರಿ ಅಮ್ಮ ಪಟ್ಟದ ಗೊಂಬೆಗಳನ್ನು ಮಲಗಿಸಿದರು, ಪಕ್ಕದಲ್ಲಿ ಕೈ ಮುರಿದದ್ದನ್ನೂ. ಕೊಡೆ, ಡಬ್ಬಗಳನ್ನು ಗುಜರಿಗೆ ಹಾಕಲು ಬಹಳ ಹೇಳಿದ ಮೇಲೆ ಒಪ್ಪಿದರು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಎಂಬ ಹೆಸರಿನ ರೇಡಿಯೊ ಕೇಂದ್ರವನ್ನು ಆರಂಭಿಸಿದ ಊರಿದು. ರೇಡಿಯೊ ಕೊಡಲು ಮಾತ್ರ ಇನ್ನೂ ಎರಡು ದಿನ ತೆಗೆದುಕೊಂಡರು. ಕೊನೆಗೆ ಅದರ ಧೂಳು ಒರೆಸಿ, ಕುಂಕುಮವಿಟ್ಟು, ಗುಜರಿಯವನ ಕೈಗೆ ತಾವೇ ಕೊಟ್ಟರು.