ಅಂಗಡಿಯಲ್ಲಿ ಉರಿಯದ ಒಲೆ

ಮಿಕ್ಸಿ ಕೊಳ್ಳಲು ಹೋದರೆ ಅಂಗಡಿಯವನು ಪ್ಲಗ್ ಚುಚ್ಚಿ ಗುರ್ರೆನಿಸಿ ತೋರಿಸುತ್ತಾನೆ. ಫ್ಯಾನಾದರೆ ತಿರುಗಿಸಿ ತೋರಿಸುತ್ತಾನೆ. ಸೌದೆ ಒಲೆಯನ್ನು ಮಾತ್ರ ಯಾರೂ ಹಚ್ಚಿ ತೋರಿಸುವುದಿಲ್ಲ. ನಾವೂ ಕೇಳುವುದಿಲ್ಲ. ಬೆರಳ ಗೆಣ್ಣಿನಿಂದ ಟಣ್ ಟಣ್ ಬಡಿದು, ಬುಡ ಮಗುಚಿ ನೋಡಿ, ಏನೋ ಗೊತ್ತಾದವರ ಹಾಗೆ ತಲೆಯಾಡಿಸುತ್ತೇವೆ ಅಷ್ಟೆ.

ಈ ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಮಣ್ಣಿನ ಒಲೆ ಕುಸಿದು ಕೂತಿತು. ಅಮ್ಮ, ಹೆಂಡತಿ, ನಾನು ಸಾಗರದ ಪೇಟೆಗೆ ಹೊರಟೆವು. ಅಮ್ಮನ ಕೈಯಲ್ಲೊಂದು ಚೀಲ. ಅದರಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ, ಅದೇ ತಪ್ಪಾಯಿತು.

ಅಂಗಡಿಯಲ್ಲಿ ಮೂರು ಒಲೆಗಳಿದ್ದವು. ತಗಡಿನದು ಅಗ್ಗ, ಬೇಗ ಕಾಯುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ನಮ್ಮೂರ ಮಳೆಗೆ ಅದು ಎರಡು ವರ್ಷ ಬಾಳಿದರೆ ಪುಣ್ಯ. ಬೀಡು ಕಬ್ಬಿಣದ್ದು ಕಪ್ಪಗೆ, ದಪ್ಪಗೆ, ಮೂಲೆಯಲ್ಲಿ ಮುನಿಸಿಕೊಂಡವರಂತೆ ಕೂತಿತ್ತು. ಮೂರನೆಯದು ಫಳಫಳ ಸ್ಟೀಲಿನ ರಾಕೆಟ್ ಒಲೆ.

“ರೀ, ಇದು ಚೆನ್ನಾಗಿದೆ ಅಲ್ವಾ?” ಅಂದಳು ಹೆಂಡತಿ. ಚೆನ್ನಾಗಿಯೇ ಇತ್ತು. ಆದರೆ ಒಲೆಯ ಚಂದ ಮೊದಲ ಉರಿಯವರೆಗೆ ಮಾತ್ರ. ಒಮ್ಮೆ ಕಾದ ಸ್ಟೀಲು ನೀಲಿ, ಕಂದು ಬಣ್ಣಕ್ಕೆ ತಿರುಗಿ ಮತ್ತೆ ಮೊದಲಿನ ಹಾಗಾಗುವುದಿಲ್ಲ. ಮದುವೆ ಫೋಟೋ ನೋಡಿಕೊಂಡು ಸಂಸಾರ ಮಾಡಿದ ಹಾಗೆ. (ಇದನ್ನು ಬಾಯಿಬಿಟ್ಟು ಹೇಳಲಿಲ್ಲ.)

ನನಗೆ ಲೆಕ್ಕದ ಚಟ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 700 ಕಿಲೋಕ್ಯಾಲರಿ ಶಾಖ ಸಾಕು. ಒಣಗಿದ ಸೌದೆಯಲ್ಲಿ ಕೆಜಿಗೆ ಸುಮಾರು 4,000 ಇರುತ್ತದೆ. ಅಂದರೆ ಒಂದು ಬಕೆಟ್ ಬಿಸಿನೀರಿಗೆ 175 ಗ್ರಾಂ ಸೌದೆ! ನಾವು ಉರಿಸುವುದು ಕೆಜಿಗಿಂತ ಜಾಸ್ತಿ. ಮಿಕ್ಕಿದ್ದೆಲ್ಲ ಗೋಡೆಗೆ, ಗಾಳಿಗೆ, ಅಮ್ಮನ ಕಣ್ಣಿಗೆ. ರಾಕೆಟ್ ಒಲೆಯಲ್ಲಿ ಬೆಂಕಿ ಚಿಕ್ಕ ಗೂಡಿನೊಳಗೆ ಬಿಗಿಯಾಗಿ ಉರಿದು ನೇರ ಪಾತ್ರೆಗೇ ತಾಗುತ್ತದೆ. ಸೌದೆ ಅರ್ಧ ಉಳಿದರೂ ಕೊಟ್ಟ ದುಡ್ಡು ವಾಪಸ್ ಅಂತ ವಾದಿಸಿದೆ.

“ನಿನ್ನ ಅಪ್ಪನೂ ಹೀಗೇ ಲೆಕ್ಕ ಹಾಕ್ತಿದ್ರು” ಅಂದರು ಅಮ್ಮ.

ಅದು ಅಸ್ತ್ರ ಒಲೆಯ ಕತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ್ದು. ಮೂರು ಪಾತ್ರೆ, ಒಂದೇ ಉರಿ, ಹೊಗೆಗೆ ಚಿಮಣಿ. ನಮ್ಮನೆಗೂ ಬಂತು. ಸ್ವಲ್ಪ ದಿನ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ. ಆಮೇಲೆ ಉದ್ದುದ್ದ ಕುಂಟೆ ತುರುಕಲು ಆಗುವುದಿಲ್ಲ ಅಂತ ಅಪ್ಪ ಬಾಯಿಯನ್ನು ನಾಲ್ಕು ಬೆರಳು ಅಗಲ ಮಾಡಿಸಿದರು. ಆ ಒಲೆಯ ಅಳತೆಯಲ್ಲೇ ಗುಟ್ಟಿದ್ದದ್ದು. ಗಾಳಿಯ ಎಳೆತ ಕೆಟ್ಟಿತು, ಹೊಗೆ ಮನೆಗೆ ವಾಪಸಾಯಿತು, ಅಟ್ಟದ ಮೇಲಿದ್ದ ಊದುಗೊಳವೆಯೂ ಕೆಳಗಿಳಿಯಿತು.

ಇಷ್ಟು ಹೇಳಿ ಅಮ್ಮ ಚೀಲ ಸುರಿದರು. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಅರೆಬರೆ ಒದ್ದೆಯಾದ ಎರಡು ತುಂಡು ಸೌದೆ. “ತಮ್ಮಾ, ಹಚ್ಚಿ ತೋರ್ಸು.”

ಅಂಗಡಿಯ ಹುಡುಗ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಕೊನೆಗೆ ಅಂಗಡಿಯ ಮುಂದಿನ ಜಗಲಿಯಲ್ಲೇ ಬೆಂಕಿ ಬಿತ್ತು. ಸ್ಟೀಲಿನದರ ಬಾಯಿಗೆ ಮಟ್ಟೆ ಹೋಗಲೇ ಇಲ್ಲ. ಸೌದೆಯನ್ನು ಬೆರಳ ಗಾತ್ರಕ್ಕೆ ಸೀಳಿ ಹಾಕಬೇಕು ಅಂದ ಹುಡುಗ. “ಸೀಳುವವ ನೀನಾ?” ಅಂತ ಅಮ್ಮ ಕೇಳಿದ್ದು ನನ್ನನ್ನು. ನನ್ನ 175 ಗ್ರಾಂ ಅಲ್ಲಿಗೆ ಮುಗಿಯಿತು. ಬೀಡಿನ ಒಲೆ ಕಾಯಲು ಹೊತ್ತು ತೆಗೆದುಕೊಂಡಿತು, ಮೊದಲು ಬುಸುಬುಸು ಹೊಗೆ ಕಾರಿತು. ಆದರೆ ಕೊಟ್ಟದ್ದನ್ನೆಲ್ಲ ತಿಂದಿತು. ಜಾಲರಿಯ ಕೆಳಗಿಂದ ಗಾಳಿ ಸಿಕ್ಕಿ, ಸಿಪ್ಪೆ ಚಟಪಟ ಹತ್ತಿಕೊಂಡ ಮೇಲೆ ಒದ್ದೆ ಸೌದೆಯೂ ದಾರಿಗೆ ಬಂತು.

ಹುಡುಗ ತಣಿಸಲು ಚೊಂಬಿನಲ್ಲಿ ನೀರು ತಂದ. “ಹಾಕ್ಬೇಡ್ವೋ, ಸೀಳಿಬಿಡ್ತದೆ!” ಅಂತ ಅಮ್ಮ ಕೂಗಿದರು. ಕಾದ ಬೀಡಿಗೆ ತಣ್ಣೀರು ಬಿದ್ದರೆ ಬಿರುಕೇ ಗತಿ. ಮಸಿ ಹಿಡಿದ ಒಲೆಯನ್ನು ಇನ್ನು ಯಾರು ಕೊಳ್ಳುತ್ತಾರೆ ಅಂತ ಮಾಲೀಕ ಗೊಣಗಿದ. ನಾವೇ ಕೊಳ್ಳುವುದು ಅಂದ ಅಮ್ಮ, ಅದೇ ಮಸಿ ತೋರಿಸಿ ನೂರು ರೂಪಾಯಿ ಇಳಿಸಿದರು.

ಅರ್ಧ ಗಂಟೆ ಕಾದು, ಗೋಣಿಚೀಲ ಸುತ್ತಿ ಬಸ್ಸು ಹತ್ತಿದೆವು. ಲಗೇಜ್ ಟಿಕೆಟ್ ಹರಿಯಲು ಬಂದ ಕಂಡಕ್ಟರ್, “ಇದೇನ್ರೀ ಒಳಗೆ?” ಅಂತ ಚೀಲಕ್ಕೆ ಕೈಯಿಟ್ಟವನು ಥಟ್ಟನೆ ಹಿಂದಕ್ಕೆಳೆದುಕೊಂಡ. “ಇನ್ನೂ ಬಿಸಿ ಇದೆ ನೋಡು” ಅಂತ ಅಮ್ಮ ಹೆಂಡತಿಯ ಕಡೆ ತಿರುಗಿ ಖುಷಿಯಿಂದ ಹೇಳಿದರು.